ಕೊಟ್ರಮ್ಮನ ಮನೆಯ ಮೂರು ನಾಲಿಗೆಯ ಬೀಗ

ನಮ್ಮೂರಿನಲ್ಲಿ ನನ್ನ ಕೈಗೆ ತೆರೆಯದ ಬಾಗಿಲು ಒಂದೇ ಒಂದಿದೆ. ಮಿಕ್ಕ ಮನೆಗಳ ಮಾತು ಬಿಡಿ, ನಾನು ಓಣಿಯ ತಿರುವಿನಲ್ಲಿ ಕೆಮ್ಮಿದರೆ ಸಾಕು, ಅಲ್ಲಿನ ಚಿಲಕಗಳು ತಾವಾಗಿ ಸಡಿಲಾಗಿ ಕೂತಿರುತ್ತವೆ. ಇದು ಬಡಾಯಿಯಲ್ಲ. ಬೀಗ ರಿಪೇರಿಯ ಪಾಲಾಕ್ಷ ಎಂದರೆ ಈ ಊರಿನ ಒಂದು ಒಲೆಯನ್ನೂ ಬಿಡದೆ ಉಂಡವನು. ನಮ್ಮೂರಿನ ಬೀಗಗಳಿಗೆ ತಿಳಿಯುವುದು ಅದೊಂದೇ ವಿಷಯ. ಕೀಲಿ ಹಿಡಿದ ಕೈ ಆ ಮನೆಯ ಎಲ್ಲೆಯೊಳಗೆ ಕೂತು ಆ ಮನೆಯ ಉಪ್ಪು ತಿಂದಿದ್ದರೆ ಬೀಗ ತಿರುಗುತ್ತದೆ. ತಿನ್ನದಿದ್ದರೆ ಕೀಲಿ, ಅಂಬಲಿಯಲ್ಲಿ ಸೌಟು ಆಡಿಸಿದ ಹಾಗೆ, ಸುಮ್ಮನೆ ಗರಗರ ಸುತ್ತುತ್ತದೆ.

ಹಾಗಾಗಿ ಉಪ್ಪಿನ ವಿಷಯದಲ್ಲಿ ನಮ್ಮವರು ಬಲು ಬಿಗಿ. ಮನೆಗೆ ಬಂದವರಿಗೆ ಚಹ ಕೊಡುತ್ತಾರೆ, ಬಾಳೆಹಣ್ಣು, ಬೆಲ್ಲ, ಪೇಡೆ ಎಷ್ಟು ಬೇಕಾದರೂ ಕೊಡುತ್ತಾರೆ. ಒಂದು ತುಣುಕು ಚಕ್ಕುಲಿ ಕೊಡಬೇಕಾದರೆ ಮಾತ್ರ ಗಂಡ ಹೆಂಡತಿ ಒಳಗೆ ಹೋಗಿ ಮಾತಾಡಿಕೊಂಡು ಬರುತ್ತಾರೆ. ಕಂದಾಯ ವಸೂಲಿಗೆ ಬಂದವನಿಗೆ ಮಜ್ಜಿಗೆಯೂ ಸಪ್ಪೆ. ನಾಲ್ಕು ಮನೆ ತಿರುಗಿದ ಅತಿಥಿಗೆ ಸಕ್ಕರೆ ಕಾಯಿಲೆ ಖಾತ್ರಿ. ಮದುವೆಯ ಊಟವನ್ನು ಯಾರೂ ಮನೆಯಲ್ಲಿ ಹಾಕುವುದಿಲ್ಲ, ಛತ್ರದಲ್ಲಿ ಹಾಕುತ್ತಾರೆ. ಪೇಟೆಬೀದಿಯ ಖಾನಾವಳಿಯ ಬಾಗಿಲಿಗೆ ಬೀಗವನ್ನೇ ಹಾಕಿಲ್ಲ, ಹಾಕಿದರೂ ಊರಿಗೆ ಊರೇ ತೆಗೆದೀತು. ಯಾರನ್ನಾದರೂ ಹೊರಗಿಡಬೇಕೆಂದರೆ ಬೀಗ ಬದಲಿಸುವುದೊಂದೇ ದಾರಿ. ಹೊಸ ಬೀಗಕ್ಕೆ ಹಳೆಯ ಋಣ ಗೊತ್ತಿರುವುದಿಲ್ಲ. ಮೊದಲ ಅನ್ನ ಬೇಯುವ ತನಕ ಅದು ಎಳೆಮಗುವಿನ ಹಾಗೆ ಎಲ್ಲರ ಕೈಗೂ ಹೋಗುತ್ತದೆ. ಒಮ್ಮೆ ಒಲೆ ಹತ್ತಿತೋ, ಆಮೇಲೆ ಉಂಡವರು ಮಾತ್ರ ಅದರ ಪಾಲಿಗೆ ಮನೆಯವರು. ಆದ್ದರಿಂದ ನಾನು ಚೀಲದಲ್ಲಿ ಹೊಸ ಬೀಗ ಹಾಕಿಕೊಂಡು ಓಣಿಯಲ್ಲಿ ನಡೆದರೆ ರಂಗೋಲಿ ಹಾಕುವವರ ಕೈ ಅಲ್ಲಿಗೇ ನಿಲ್ಲುತ್ತದೆ. ಇವತ್ತು ಯಾರ ಮನೆಯಿಂದ ಯಾರು ಹೊರಗೆ ಎಂದು ಅವರವರಲ್ಲೇ ಪಿಸುಮಾತು. ಮಂತ್ರಿ ಬಂದರೂ ಅಷ್ಟು ಜನ ತಲೆ ಎತ್ತಿ ನೋಡುವುದಿಲ್ಲ.

ನನ್ನ ಕಸುಬಿನ ಕ್ರಮವೂ ಇದರಿಂದಲೇ ಆದದ್ದು. ಮೊದಲು ಊಟ, ಆಮೇಲೆ ಸ್ಕ್ರೂಡ್ರೈವರ್. ಉಪ್ಪು ತಿನ್ನದ ಕೈಗೆ ಬೀಗದ ಒಂದು ಸ್ಕ್ರೂ ಕೂಡ ಜಗ್ಗುವುದಿಲ್ಲ. ನನ್ನ ಹೊಟ್ಟೆಯನ್ನು ನೋಡಿ ನಗುವವರಿಗೆ ನಾನು ಹೇಳುವುದಿಷ್ಟೇ: ಇದು ಹೊಟ್ಟೆಯಲ್ಲ, ಊರಿನ ಅಷ್ಟೂ ಮನೆಗಳ ಬೀಗದ ಕೈ ಗೊಂಚಲು.

ಈಚಿನ ವರ್ಷಗಳಲ್ಲಿ ಊರಿಗೆ ಪದರದ ಬಾಗಿಲುಗಳು ಬಂದವು. ಹೊರಮೈಗೆ ಫೈಬರ್ ಹಾಳೆ, ನಡುವೆ ಹಳದಿ ಫೋಮು, ಅಂಚಿಗೆ ಮರದ ಪಟ್ಟಿ, ಹೀಗೆ ನಾಲ್ಕೈದು ಸಾಮಾನನ್ನು ಒತ್ತಿ ಅಂಟಿಸಿ ಮಾಡಿದ ಬಾಗಿಲು. ನೋಡಲು ತೇಗದ ಹಾಗೆ, ಎತ್ತಿದರೆ ಹಪ್ಪಳದ ಹಾಗೆ. ಅದರ ಬೀಗಕ್ಕೆ ಮೂರು ನಾಲಿಗೆ. ನಡುವೆ ಒಂದು, ತಲೆಯ ಹತ್ತಿರ ಒಂದು ಕೊಕ್ಕೆ, ಕಾಲಿನ ಹತ್ತಿರ ಒಂದು ಕೊಕ್ಕೆ. ಹಿಡಿಕೆಯನ್ನು ಮೇಲಕ್ಕೆತ್ತಿದರೆ ಮೂರೂ ಹೋಗಿ ಚೌಕಟ್ಟನ್ನು ಕಚ್ಚುತ್ತವೆ, ಕೀಲಿ ತಿರುಗಿಸಿದರೆ ಅಲ್ಲೇ ಬಿಗಿಯಾಗುತ್ತವೆ. ಸುಮ್ಮನೆ ಎಳೆದುಕೊಂಡರೂ ನಡುವಿನ ನಾಲಿಗೆ ಸಿಕ್ಕಿಕೊಂಡು ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊರಗಿನಿಂದ ಕೀಲಿಯಿಲ್ಲದೆ ತೆರೆಯದು, ಒಳಗಿನಿಂದ ಹಿಡಿಕೆ ಒತ್ತಿದರೆ ಮಗುವೂ ತೆರೆದೀತು. ಒಳ್ಳೆಯ ಬಾಗಿಲೇ. ಆದರೆ ಬಿಸಿಲಿಗೆ ಉಬ್ಬುತ್ತದೆ, ಭಾರಕ್ಕೆ ಜೋಲುತ್ತದೆ. ಅಕ್ಕಿಕಾಳಿನಷ್ಟು ಜೋತರೂ ಕೊಕ್ಕೆಗೆ ತನ್ನ ತೂತು ಸಿಗುವುದಿಲ್ಲ. ಈ ಬಾಗಿಲುಗಳು ಬಂದ ಮೇಲೆ ನಾನು ಎರಡು ಸಲ ಬೆಲ್ಟು ಬದಲಿಸಿದೆ.

ಮಂಡಕ್ಕಿ ಭಟ್ಟಿಯ ಓಂಕಾರಪ್ಪ ತನ್ನ ಮಗ ಪ್ರಭುವಿನ ಮದುವೆಗೆಂದು ಅಂಥದೊಂದು ಬಾಗಿಲನ್ನು ಹೊರಗಿನವರಿಂದ ಹಾಕಿಸಿದ್ದ. ಕಡುಗೆಂಪು ಬಣ್ಣ, ಹಿತ್ತಾಳೆಯ ಹಿಡಿಕೆ. ವೈಶಾಖದಲ್ಲಿ ಮದುವೆ ಆಯಿತು. ಸೊಸೆ ಚಂದ್ರಕಲಾ ಪೇಟೆಬೀದಿಯ ಟೈಲರ್ ಅಂಗಡಿಯಲ್ಲಿ ಕುಪ್ಪಸ ಹೊಲಿಯುವವಳು. ಅಂಗಡಿಯಿಂದ ಎಲ್ಲರಿಗಿಂತ ಮೊದಲು ಮನೆಗೆ ಬರುವವಳು ಅವಳೇ. ಬಂದವಳು ಒಳಗೆ ಹೋಗುತ್ತಿರಲಿಲ್ಲ. ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕೂತಿರುತ್ತಿದ್ದಳು. ಅತ್ತೆ ಕೊಟ್ರಮ್ಮ ಭಜನೆಯಿಂದಲೋ ಮಾರ್ಕೆಟ್ಟಿನಿಂದಲೋ ಬಂದು ಕೀಲಿ ತಿರುಗಿಸಿದ ಮೇಲೆ ಅವಳ ಹಿಂದೆಯೇ ಒಳಗೆ ಹೋಗುತ್ತಿದ್ದಳು. ಮದುವೆಯಾಗಿ ಬಂದ ಸೊಸೆಯ ಕೈಗೆ ಮನೆಯ ಬೀಗ ತೆರೆಯುವುದಿಲ್ಲ. ಇದು ಓಣಿಗೆಲ್ಲ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ, ನಮ್ಮೂರಿನಲ್ಲಿ ಕಟ್ಟೆಗಳಿರುವುದೇ ಅದಕ್ಕೆ.

ಆಷಾಢ ಹತ್ತಿರ ಬಂತು. ಹೊಸ ಸೊಸೆಯರು ಆಷಾಢಕ್ಕೆ ತವರಿಗೆ ಹೋಗುವುದು ಪದ್ಧತಿ. ಕೊಟ್ರಮ್ಮ ನೀರಿನ ಟ್ಯಾಂಕಿನ ಹತ್ತಿರ ನಾಲ್ಕು ಜನರ ಮುಂದೆ ಹೇಳಿಬಿಟ್ಟಳು: "ಹೋಗ್ಲಿ ತವರಿಗೆ. ಬೀಗಾನೇ ಒಪ್ಪದವಳ್ನ ಶ್ರಾವಣಕ್ಕೆ ನಾನ್ಯಾಕೆ ಕರೆಸ್ಕೊಳ್ಲಿ. ಅಲ್ಲೇ ಇರ್ಲಿ."

ಓಂಕಾರಪ್ಪ ಆ ಶನಿವಾರ ಬೆಳಿಗ್ಗೆ ನನ್ನ ಅಂಗಡಿಗೆ ಬಂದ. ಮೆತ್ತಗಿನ ಮನುಷ್ಯ, ಮಂಡಕ್ಕಿ ಹುರಿದೂ ಹುರಿದೂ ಮಂಡಕ್ಕಿಯಷ್ಟೇ ಹಗುರಾಗಿದ್ದ.

"ಪಾಲಾಕ್ಷ, ಬೀಗ ಕೆಟ್ಟೈತೆ ಅಂತ ಹೇಳ್ಬಿಡು ಮಾರಾಯ" ಎಂದ.

"ನೋಡ್ದೆ ಹೆಂಗೆ ಹೇಳ್ಲಿ ಓಂಕಾರಣ್ಣ?"

"ನೋಡಿ ಹೇಳು. ಆದ್ರೆ ಕೆಟ್ಟೈತೆ ಅಂತ್ಲೇ ಹೇಳು. ಹುಡುಗಿ ಮುಖ ನೋಡಕ್ಕಾಗ್ವಲ್ದು."

ನಾನು ಹೋದೆ. ಕೊಟ್ರಮ್ಮ ಮಂಡಕ್ಕಿ ಒಗ್ಗರಣೆ ಬಡಿಸಿದಳು, ಮೇಲೆ ಮೆಣಸಿನಕಾಯಿ ಬಜ್ಜಿ. ಆ ಒಗ್ಗರಣೆಯ ವಿಷಯ ಹೇಳಲೇಬೇಕು. ಅದರ ಘಮಕ್ಕೆ ಎದುರು ಮನೆಯ ಗೋಡೆಯ ಗಡಿಯಾರ ನಿಂತಿತ್ತು ಎಂದರೆ ನೀವು ನಂಬುವುದಿಲ್ಲ, ಇರಲಿ. ಮೂರು ತಟ್ಟೆ ಮುಗಿಸಿದೆ. ನಾಲ್ಕನೆಯದಕ್ಕೆ ಕೊಟ್ರಮ್ಮ, "ಬೀಗ ಒಂದೇ ಇರೋದು ಪಾಲಾಕ್ಷಪ್ಪ" ಎಂದು ಬಾಣಲೆ ಮುಚ್ಚಿದಳು.

ಕೈ ತೊಳೆದುಕೊಂಡು ಬಾಗಿಲ ಮುಂದೆ ಕೂತೆ. ಮೊದಲು ಒಬ್ಬೊಬ್ಬರಾಗಿ ಬೀಗ ತೆಗೆದು ತೋರಿಸಿ ಎಂದೆ. ನಾನು ಬೀಗ ನೋಡಲಿಲ್ಲ, ಜನರನ್ನು ನೋಡಿದೆ. ಓಂಕಾರಪ್ಪ ಕೀಲಿ ತಿರುಗಿಸುವ ಮೊದಲು ಬಾಗಿಲಿಗೆ ಭುಜ ಕೊಟ್ಟ. ಪ್ರಭು ಹಿಮ್ಮಡಿಯಿಂದ ಕೆಳಗೊಂದು ಒದ್ದ. ಕೊಟ್ರಮ್ಮ ಹಿಡಿಕೆ ಹಿಡಿದು ಬಾಗಿಲನ್ನೇ ಮೇಲಕ್ಕೆ ಜಗ್ಗಿ, ಸೆರಗು ಸರಿಮಾಡಿಕೊಳ್ಳುವಷ್ಟು ಸಹಜವಾಗಿ ಮೊಣಕಾಲು ಒತ್ತಿದಳು. ತಾವು ಹಾಗೆ ಮಾಡುತ್ತೇವೆಂದು ಮೂವರಿಗೂ ಗೊತ್ತಿರಲಿಲ್ಲ. ಕೇಳಿದ್ದಕ್ಕೆ, "ಯಾವ ಮೊಣಕಾಲು? ನಾನ್ಯಾಕೆ ಬಾಗ್ಲಿಗೆ ಮೊಣಕಾಲು ಕೊಡ್ಲಿ" ಎಂದು ಕೊಟ್ರಮ್ಮ ನನ್ನ ಮೇಲೇ ಬಂದಳು. ನಮ್ಮೂರಿನವರ ಕಣ್ಣು ಯಾರು ಉಂಡರು ಯಾರು ಬಿಟ್ಟರು ಎಂಬುದರ ಮೇಲೇ ಇರುತ್ತದೆ; ಕೀಲಿ ತಿರುಗಿಸುವಾಗ ಕೈಕಾಲು ಏನು ಮಾಡುತ್ತವೆ ಎಂದು ಯಾರೂ ನೋಡಿದವರಲ್ಲ.

ನಾನು ಎದ್ದು ನಿಂತು ಓಣಿಗೆಲ್ಲ ಕೇಳುವ ಹಾಗೆ ತೀರ್ಪು ಕೊಟ್ಟೆ. "ಬಾಗ್ಲು ಜೋತೈತೆ. ಕೊಕ್ಕೆ ತೂತಿಗೆ ಕೂರ್ತಿಲ್ಲ. ನೀವು ಮೂರೂ ಜನ ಗೊತ್ತಿಲ್ದಂಗೆ ಬಾಗ್ಲು ಎತ್ತಿ ತೆಗೀತಿದೀರಿ. ಆ ಹುಡುಗಿ ಮರ್ಯಾದೆಯಾಗಿ ನೆಟ್ಟಗೆ ನಿಂತು ತೆಗೀತಾಳೆ, ಬರಲ್ಲ. ಇದು ಉಪ್ಪಿನ ಮಾತಲ್ಲ, ಮೊಣಕಾಲಿನ ಮಾತು."

ಕೊಟ್ರಮ್ಮ ಹುಬ್ಬು ಗಂಟಿಕ್ಕಿದಳು. "ಅವಳ ಕೈಲಿ ಕೀಲಿ ಸಿಕ್ಕಾಕ್ಕಳ್ಳಲ್ಲಪ್ಪ. ಗರಗರ ಸುತ್ತುತ್ತೆ."

"ಮೂರು ನಾಲಿಗೆ ಬೀಗ ಅಂದ್ಮೇಲೆ ಸುತ್ತುತ್ತೆ, ಕುಣಿಯುತ್ತೆ, ಎಲ್ಲಾ ಮಾಡುತ್ತೆ. ಇದ್ರ ವಿದ್ಯೆ ಬ್ಯಾರೆ ಅಕ್ಕಾರೆ" ಎಂದೆ. ಇಡೀ ಬೆಳಗಿನಲ್ಲಿ ಬಂದ ಒಂದೇ ಒಂದು ಬುದ್ಧಿಯ ಮಾತನ್ನು ನಾನು ಹೀಗೆ ತಳ್ಳಿಹಾಕಿದೆ.

ಅಲೆನ್ ಕೀಯಿಂದ ಬಾಗಿಲಿನ ತಿರುಗಣಿಗಳ ಒಳಸ್ಕ್ರೂ ತಿರುಗಿಸಿ ಬಾಗಿಲನ್ನು ಮೇಲೆತ್ತಿದೆ. ಚೌಕಟ್ಟಿನ ತಗಡುಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿದೆ. ಮುಚ್ಚಿದರೆ ಬೆಣ್ಣೆಗೆ ಬೆರಳು ಇಳಿದ ಹಾಗೆ ಮುಚ್ಚಿಕೊಂಡಿತು. ಅಂಥ ಕೆಲಸ ಈ ಭೂಮಂಡಲದಲ್ಲಿ ಇನ್ನೊಬ್ಬನ ಕೈಯಲ್ಲಿ ಆಗುವುದಿಲ್ಲ. ಓಂಕಾರಪ್ಪನ ಕಣ್ಣು ಒದ್ದೆಯಾಯಿತು. ಚಂದ್ರಕಲಾಳನ್ನು ಕರೆದು ಎಲ್ಲರ ಮುಂದೆ ಬೀಗ ತೆಗೆಸುವುದೆಂದು ಅವನು ಹೊರಟರೆ ಕೊಟ್ರಮ್ಮ ತಡೆದಳು. "ರಾಹುಕಾಲ ನಡೀತೈತೆ. ಮುಗೀಲಿ. ಮಾಡೋದು ಮಾಡಿ ಒಳ್ಳೇ ಹೊತ್ತಲ್ಲೇ ಮಾಡ್ಲಿ, ಆಮೇಲೆ ಅದೂ ಇದೂ ಅನ್ಬಾರ್ದು." ಮನೆಯವರು ಒಳಗೆ ಹೋದರು. ನಾನು ಹಿಡಿಕೆ ಎತ್ತಿ ಬೀಗ ಬಿಗಿ ಮಾಡಿ ನೋಡಿ, ಕೀಲಿಯನ್ನು ಬೀಗದಲ್ಲೇ ಬಿಟ್ಟು ಕಟ್ಟೆಯ ಮೇಲೆ ಎಲೆಯಡಿಕೆ ತೆಗೆದೆ.

ಆಗ ಕರಿಯ ಬಂದ. ಕರಿಯ ಎಂದರೆ ಓಣಿಯ ನಾಯಿ. ವೈಶಾಖದಲ್ಲಿ ಪಕ್ಕೆಲುಬು ಎಣಿಸುವ ಹಾಗಿದ್ದದ್ದು ಈಗ ಕರುವಿನ ಗಾತ್ರವಾಗಿತ್ತು. ಸಂದಿಯಿಂದ ಹಿತ್ತಿಲಿಗೆ ಹೋಗುವ ದಾರಿಗೆ ಅಂದು ನನ್ನ ಚೀಲ ಅಡ್ಡವಿತ್ತು. ಅದು ನೇರ ಮುಂಬಾಗಿಲಿಗೆ ಬಂದು, ಹಿಂಗಾಲ ಮೇಲೆ ನಿಂತು, ತೂಗುತ್ತಿದ್ದ ಕೀಲಿಗೊಂಚಲನ್ನು ಮುಂಗಾಲಿನಿಂದ ಕೆರೆಯಿತು. ಕೀಲಿ ತಿರುಗಿತು. ಮೂರು ನಾಲಿಗೆಗಳೂ ಒಟ್ಟಿಗೆ ಕಟಕ್ ಎಂದು ಹಿಂದೆ ಸರಿದವು. ನಾಯಿ ಮೂತಿಯಿಂದ ಬಾಗಿಲು ನೂಕಿ, ಯಜಮಾನನ ಠೀವಿಯಲ್ಲಿ ಒಳಗೆ ನಡೆದು ಹಿತ್ತಿಲಿಗೆ ಹೋಯಿತು.

ನನ್ನ ಬಾಯಿಯ ಎಲೆ ಬಾಯಲ್ಲೇ ಉಳಿಯಿತು. ಬೀಗ ಸುಳ್ಳು ಹೇಳುವುದಿಲ್ಲ. ಆ ನಾಯಿ ಈ ಮನೆಯ ಉಪ್ಪನ್ನು ಹೊಟ್ಟೆ ತುಂಬ ತಿಂದಿದೆ. ಹಳಸಿದ್ದು ಎಸೆದರೂ ಲೆಕ್ಕ ಹಾಕಿ ಎಸೆಯುವ ಕೊಟ್ರಮ್ಮ ನಾಯಿಗೆ ಹಾಕುವವಳಲ್ಲ. ಹಾಗಾದರೆ ಯಾರ ಪಾಲಿನ ಊಟ?

ಚಂದ್ರಕಲಾ ನನ್ನ ತಟ್ಟೆ ತೆಗೆಯಲು ಬಂದಳು. ಸಣ್ಣ ಆಳು, ಕಿವಿಯ ಹಿಂದೆ ಒಂದು ದಾರದ ತುಂಡು ಸಿಕ್ಕಿಸಿಕೊಂಡೇ ಇದ್ದಳು. ನಾನು ಬಾಗಿಲು ಎಳೆದು, "ಒಂದ್ಸಲ ತಿರುಗ್ಸಿ ನೋಡು ತಾಯಿ" ಎಂದೆ. ಅವಳು ಕೀಲಿ ಹಿಡಿದಳು. ಬೆಣ್ಣೆಯ ಹಾಗೆ ಕೂತಿದ್ದ ಬೀಗದಲ್ಲಿ ಕೀಲಿ ಗರಗರ ಸುತ್ತಿತು. ಅಂಬಲಿ, ಸೌಟು. ನಾನೇ ತಿರುಗಿಸಿ ಬಾಗಿಲು ತೆರೆದೆ.

"ಉಂಡಿಲ್ಲ ನೀನು ಈ ಮನೇಲಿ" ಎಂದೆ.

ಅವಳು ಒಳಗೆ ನೋಡಿ ದನಿ ಇಳಿಸಿದಳು. "ಇಲ್ಲ ಅಣ್ಣಾರೆ. ಎಲ್ರದ್ದೂ ಆದ್ಮೇಲೆ ಅಡಿಗೆಮನೇಲಿ ನನ್ನ ತಟ್ಟೆ. ಹಿತ್ಲಲ್ಲಿ ಕರಿಯಂಗೆ ಹಾಕ್ತೀನಿ. ಹೊಟ್ಟೆಗೆ ಪೇಟೆ ಖಾನಾವಳಿ ಐತಲ್ಲ."

"ಯಾಕವ್ವ? ಒಗ್ಗರಣೆ ಅಷ್ಟು ಚೆಂದ ಮಾಡ್ತಾರೆ."

"ಮನೆ ತುಂಬಿಸ್ಕೊಂಡ ದಿನ ಮೊದ್ಲನೇ ತುತ್ತು ಎತ್ತಿದ್ದೆ. ಅತ್ತೆ ನೆಂಟರ ಮುಂದೆ ನಕ್ಕಂತ ಅಂದ್ರು, 'ಇನ್ ನಮ್ಮನೇಲಿ ಉಪ್ಪಿನ ಖರ್ಚು ಜಾಸ್ತಿ ಆತು' ಅಂತ. ಎಲ್ರೂ ನಕ್ರು. ತುತ್ತು ಇಳೀಲಿಲ್ಲ, ಕೆಳಗಿಟ್ಟೆ. ಆಮೇಲೆ ಇವತ್ತಿನವರ್ಗೂ ನೀನೂ ಉಣ್ಣು ಅಂತ ಒಬ್ರೂ ಕರೀಲಿಲ್ಲ. ತಟ್ಟೆ ಹಾಕು ಅಂತಾರೆ, ತಟ್ಟೆ ತೊಳಿ ಅಂತಾರೆ."

ನನಗೆ ಹೊಳೆದದ್ದನ್ನು ಹೇಳಿದೆ. "ಈಗ ಒಳಗೋಗಿ ಒಂದ್ಹರಳು ಉಪ್ಪು ಬಾಯಿಗಾಕ್ಕೊಂಡು ಬಾ. ರಾಹುಕಾಲ ಮುಗಿಯೋದ್ರೊಳಗೆ ಕೆಲ್ಸ ಆಗೋತದೆ."

ಅವಳು ನನ್ನನ್ನು ನೋಡಿದ ರೀತಿಗೆ ನನ್ನ ಹೊಟ್ಟೆಯೂ ಸ್ವಲ್ಪ ಒಳಗೆ ಹೋಯಿತು. "ಡಬ್ಬಿಯಿಂದ ತಗೊಂಡು ತಿನ್ನೋದಾಗಿದ್ರೆ ಅವತ್ತೇ ತಿಂತಿದ್ನಲ್ಲ. ಕರೀದೆ ತಿಂದ್ರೆ ಕದ್ದಂಗೆ ಅಂತಿದ್ಲು ನಮ್ಮವ್ವ. ಕಳ್ಳಿಯಾಗಿ ಬಾಗ್ಲು ತೆಗ್ಯೋದಕ್ಕಿಂತ ಕಟ್ಟೆ ಮೇಲೇ ಕೂತಿರ್ತೀನಿ."

"ನಾನು ಕೊಟ್ರಮ್ಮಕ್ಕಂಗೆ ಒಂದ್ಮಾತು—"

"ಬ್ಯಾಡ. ಹೇಳಿ ಕರೆಸ್ಕೊಂಡ್ರೆ ಅದು ಕರೆದಂಗಾ?" ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. "ನೀವು ರಿಪೇರಿ ಮಾಡ್ಬಾರ್ದಿತ್ತು ಅಣ್ಣಾರೆ. ಕೆಟ್ಟಿದ್ರೆ ಬೀಗದ ಮೇಲೆ ಹಾಕ್ಬೋದಿತ್ತು. ಈಗ ರಾಹುಕಾಲ ಮುಗೀತಂದ್ರೆ ಓಣಿ ಮುಂದೆ ನಾನು ತಿರುಗಿಸ್ಬೇಕು."

ಅವಳು ಒಳಗೆ ಹೋದಳು. ನನ್ನ ಜೀವಮಾನದ ಅತ್ಯುತ್ತಮ ರಿಪೇರಿ ಆ ಹುಡುಗಿಯನ್ನು ತವರಿನ ಬಸ್ಸು ಹತ್ತಿಸುತ್ತಿತ್ತು. ನಾನು ಬೀಗದ ಉಕ್ಕಿನ ಪಟ್ಟಿ ಬಿಚ್ಚಿ ನಡುವಿನ ಹಲ್ಲುಚಕ್ರದ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡೆ. ಟಕ್ ಎಂದು ಒಂದು ಸದ್ದಾಯಿತು. ಬೀಗಗಳು ಕೆಲವೊಮ್ಮೆ ತಾವಾಗಿ ಮುರಿಯುತ್ತವೆ. ಆಗ ನನ್ನ ಹೆಬ್ಬೆರಳೂ ಇಕ್ಕಳವೂ ಅಲ್ಲೇ ಇದ್ದವು ಎಂಬುದು ಬೇರೆ ಮಾತು.

ರಾಹುಕಾಲ ಮುಗಿದು ಮನೆಯವರು ಹೊರಗೆ ಬಂದಾಗ ಮುರಿದ ಹಲ್ಲುಗಳನ್ನು ಅಂಗೈ ಮೇಲಿಟ್ಟು ತೋರಿಸಿದೆ. "ಒಳಗೇ ಹುಳುಕಾಗಿತ್ತು. ನನ್ನ ಕೈಗೆ ಬಂತು, ಸರಿಹೋಯ್ತು; ಬೇರೆಯವ್ನ ಕೈಲಾಗಿದ್ರೆ ಬಾಗ್ಲೇ ಬೀಳ್ತಿತ್ತು. ಹೊಸ ಬೀಗಾನೇ ಹಾಕ್ಬೇಕು. ಸೋಮವಾರ ಬರುತ್ತೆ."

"ಸೋಮವಾರ ನನ್ನ ಉಪವಾಸ" ಎಂದಳು ಕೊಟ್ರಮ್ಮ. "ಒಲೆ ಮುಟ್ಟಲ್ಲ ಅವತ್ತು. ಬ್ಯಾರೆ ದಿನ ಹಾಕು."

"ಬ್ಯಾರೆ ದಿನ ಅಂದ್ರೆ ಆಷಾಢ ಹತ್ತುತ್ತೆ. ಆಷಾಢದಾಗೆ ಹೊಸ ಬೀಗ ಹಾಕ್ತಾರಾ ಅಕ್ಕಾರೆ? ಶ್ರಾವಣದವರ್ಗೂ ಬಾಗ್ಲಿಗೆ ಒನಕೆ ಆನಿಸ್ಕೊಂಡು ಮಲಗ್ರಿ, ನಂದೇನು."

ಕೊಟ್ರಮ್ಮ ಬಹಳ ಹೊತ್ತು ನನ್ನ ಹೆಬ್ಬೆರಳನ್ನೇ ನೋಡಿದಳು. ಆಮೇಲೆ, "ಸರಿ. ಸಂಜೆ ಗುಡಿಗೊಂದು ಬಿಟ್ರೆ ನಾನೆಲ್ಲೂ ಹೋಗಲ್ಲ. ಬಂದ್ಮೇಲೆ ಫಲಾರದ ಬದ್ಲು ಊಟಾನೇ ಮಾಡ್ತೀನಿ" ಎಂದಳು.

ನನ್ನ ಲೆಕ್ಕ ಹೀಗಿತ್ತು. ಹೊಸ ಬೀಗ ಹಾಕಿದ ದಿನ ಸೌಟು ಹಿಡಿದವಳು ಮನೆಯ ಒಬ್ಬೊಬ್ಬರನ್ನೂ ಹೆಸರು ಹಿಡಿದು ಊಟಕ್ಕೆ ಕರೆಯುವುದು ನಮ್ಮಲ್ಲಿ ಪದ್ಧತಿ. ಸೋಮವಾರ ಸೌಟು ಸೊಸೆಯ ಕೈಯಲ್ಲಿ. ಅವಳು ಮಾವನನ್ನು ಕರೆಯುತ್ತಾಳೆ, ಗಂಡನನ್ನು ಕರೆಯುತ್ತಾಳೆ. ಅವರಲ್ಲೊಬ್ಬ, ನೀನೂ ಕೂತ್ಕೋ ಎನ್ನದೆ ಇರುತ್ತಾನೆಯೇ. ಅಂದುಬಿಟ್ಟರೆ ಮುಗಿಯಿತು. ಸಂಜೆ ಬೀಗಕ್ಕೆ ಸೊಸೆ ಮನೆಯವಳು, ಅತ್ತೆ ಹೊರಗಿನವಳು. ಕೊಟ್ರಮ್ಮನೂ ಸ್ವಲ್ಪ ಹೊತ್ತು ಕಟ್ಟೆಯ ಕಲ್ಲಿನ ತಂಪು ಸವಿಯಲಿ ಎಂದು ನನ್ನ ಆಸೆ. ಅದಕ್ಕೆ ಗಂಡಸರಿಬ್ಬರೂ ಮನೆಗೆ ತಡವಾಗಿ ಬರಬೇಕು. ಸೋಮವಾರ ಭಟ್ಟಿಯ ಷಟರ್ ಏಕೋ ಕೆಳಗಿಳಿಯಲಿಲ್ಲವಂತೆ, ಅಪ್ಪ ಮಗ ಕತ್ತಲಾಗುವ ತನಕ ಅದರ ಜೊತೆ ಜಗ್ಗಾಡಿದರಂತೆ. ಏಕೆ ಎಂದು ನನ್ನನ್ನು ಕೇಳಬೇಡಿ. ಆ ಭಟ್ಟಿಯಲ್ಲಿ ನಾನು ಖಾರ ಮಂಡಕ್ಕಿ ತಿಂದದ್ದು ಚೀಲದ ಲೆಕ್ಕದಲ್ಲಿ.

ಬೆಳಿಗ್ಗೆ ಬೀಗ ಹಾಕಿ, ಸಂಜೆ ಎದುರಿನ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಬಂದು ಕೂತೆ. ತಿರುಗಣಿ ಹೇಗೆ ಕೂತಿವೆ ನೋಡಬೇಕಲ್ಲ. ದೀಪ ಹಚ್ಚುವ ಹೊತ್ತಿಗೆ ಕೊಟ್ರಮ್ಮ ಹಣ್ಣುಕಾಯಿ ಬುಟ್ಟಿ ಹಿಡಿದು ಗುಡಿಯಿಂದ ಬಂದಳು. ಬಾಗಿಲು ಮುಚ್ಚಿತ್ತು. ಅಭ್ಯಾಸದ ಕೈ ಕೀಲಿ ಹಾಕಿತು, ಅಭ್ಯಾಸದ ಮೊಣಕಾಲು ಬಾಗಿಲಿಗೆ ಹೋಯಿತು. ಕೀಲಿ ಗರಗರ ಸುತ್ತಿತು. ಅವಳು ಹೊರತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿದಳು. ಮತ್ತೂ ಸುತ್ತಿತು.

ಗಿರಣಿಗೆ ಜೋಳ ತಂದಿದ್ದ ಪಕ್ಕದ ಮನೆಯ ಹಾಲವ್ವ ಸುಮ್ಮನಿರುವವಳಲ್ಲ. "ಏನ್ ಕೊಟ್ರವ್ವ, ಉಪ್ಪು ಸಾಲ್ಲಿಲ್ವಾ?"

"ಉಪವಾಸ ಐತೆ" ಎಂದಳು ಕೊಟ್ರಮ್ಮ, ತಿರುಗದೆ.

"ಬಾಗ್ಲು ಬಡಿ ಮತ್ತೆ. ಸೊಸೆ ಒಳಗೇ ಐದಾಳೆ."

ಕೊಟ್ರಮ್ಮ ಕೈ ಎತ್ತಿದಳು. ಬಡಿಯಲಿಲ್ಲ. ಎತ್ತಿದ ಕೈಯನ್ನು ಕೆಳಗಿಳಿಸಿ, ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಕಟ್ಟೆಯ ಮೇಲೆ, ಚಂದ್ರಕಲಾ ದಿನವೂ ಕೂರುತ್ತಿದ್ದ ಜಾಗದಲ್ಲಿ ಕೂತಳು. ಹಾಲವ್ವ ಇನ್ನೇನೋ ಅನ್ನಲಿದ್ದಳು. ನಾನು ಅವಳ ಜೋಳದ ಚೀಲವನ್ನು ಕಾಲಿನಿಂದ ಉರುಳಿಸಬೇಕಾಯಿತು. ಕರಿಯ ಬಂದು ಬೀಗದಲ್ಲೇ ತೂಗುತ್ತಿದ್ದ ಕೀಲಿಯನ್ನು ಕೆರೆದ. ಅವನಿಗೂ ತೆರೆಯಲಿಲ್ಲ. ಅವನೂ ಕೊಟ್ರಮ್ಮನ ಪಕ್ಕ ಕೂತ. ಓಣಿಯಲ್ಲಿ ಹೋಗುವವರು ಇಬ್ಬರನ್ನೂ ನೋಡಿಕೊಂಡು ಹೋದರು. ಆಗ ನನಗೆ ಅದು ಅಂದುಕೊಂಡಷ್ಟು ತಮಾಷೆ ಎನಿಸಲಿಲ್ಲ.

ಹೊಸಿಲಿಗೆ ದೀಪ ಇಡಲು ಚಂದ್ರಕಲಾ ಒಳಗಿನಿಂದ ಬಾಗಿಲು ತೆರೆದಳು. ಅತ್ತೆಯನ್ನು ಕಂಡು ದೀಪ ಹಿಡಿದೇ ನಿಂತಳು.

"ಯಾವಾಗ ಬಂದ್ರಿ ಅತ್ತೆ?"

"ಈಗ್ಲೇ."

"ಬಾಗ್ಲು ಬಡೀಬಾರ್ದಿತ್ತಾ?"

ಕೊಟ್ರಮ್ಮ ಬುಟ್ಟಿ ಎತ್ತಿಕೊಂಡಳು. "ನೀನು ಬಡೀತಿದ್ಯೇನು ಇಷ್ಟು ದಿನ?"

ಇಬ್ಬರೂ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ಗಿರಣಿಯ ಕಟ್ಟೆಯಿಂದ ಪಡಸಾಲೆ ಪೂರ್ತಿ ಕಾಣುತ್ತದೆ. ನನ್ನ ಕಿವಿಯಂತೂ ಪಕ್ಕದೂರಿನ ಮದುವೆ ಮಾತುಕತೆಯನ್ನೂ ಬಿಡುವುದಿಲ್ಲ. ಚಂದ್ರಕಲಾ ತಟ್ಟೆ ಇಟ್ಟು, "ಬನ್ನಿ ಅತ್ತೆ, ಊಟಕ್ಕೆ ಕೂತ್ಕಳಿ" ಎಂದಳು. ಪದ್ಧತಿಯ ಕರೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಅನ್ನ, ಸಾರು. ಕೊಟ್ರಮ್ಮ ಕೂತು ರೊಟ್ಟಿ ಮುರಿದಳು. ಬಾಯಿಗೆ ಹೋಗಬೇಕಾದ ಕೈ ನಡುವೆ ನಿಂತಿತು.

"ಮಧ್ಯಾಹ್ನ ಅವರಿಬ್ರೂ ಉಂಡ್ರಾ?"

"ಉಂಡ್ರು."

"ನೀನು?"

ಚಂದ್ರಕಲಾ ನೀರಿನ ತಂಬಿಗೆಯನ್ನು ತಟ್ಟೆಯ ಇನ್ನಷ್ಟು ಹತ್ತಿರಕ್ಕೆ ಸರಿಸಿದಳು. ಓಂಕಾರಪ್ಪನೂ ಕರೆದಿರಲಿಲ್ಲ, ಪ್ರಭುವೂ ಕರೆದಿರಲಿಲ್ಲ. ಚೆನ್ನಾಗಿದೆ ಚೆನ್ನಾಗಿದೆ ಎಂದು ಗಬಗಬ ತಿಂದು ಭಟ್ಟಿಗೆ ಓಡಿದ್ದರು. ಅತ್ತೆ ಬಡಿಸಿಡುವ ತಟ್ಟೆ ಅಂದು ಇಲ್ಲದ್ದರಿಂದ ಕರಿಯನಿಗೂ ಊಟವಿರಲಿಲ್ಲ. ನನ್ನ ಇಡೀ ಲೆಕ್ಕಾಚಾರ ಒಂದು ನಾಯಿಯನ್ನು ಹೊರಗೆ ಹಾಕಿದ್ದು ಬಿಟ್ಟರೆ ಮತ್ತೇನೂ ಮಾಡಿರಲಿಲ್ಲ.

"ಉಂಡಿಲ್ಲ" ಎಂದಳು ಕೊಟ್ರಮ್ಮ. ಕೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. "ಯಾಕೆ?"

"ಯಾರೂ ಕರೀಲಿಲ್ಲ."

"ಇವತ್ತೊಂದಿನಾನಾ?"

ಚಂದ್ರಕಲಾ ತಂಬಿಗೆಯ ನೀರನ್ನು ಲೋಟಕ್ಕೆ ಬಗ್ಗಿಸಿದಳು. ಕೊಟ್ರಮ್ಮ ಸೊಸೆಯ ಮುಖ ನೋಡಿದಳು, ಹೊರಗೆ ಕಟ್ಟೆಯ ಮೇಲೆ ದಷ್ಟಪುಷ್ಟವಾಗಿ ಕೂತಿದ್ದ ಕರಿಯನನ್ನು ನೋಡಿದಳು. ಲೆಕ್ಕದ ಹೆಂಗಸು. ಅವಳಿಗೆ ಎಲ್ಲ ಕೂಡಿಕೊಂಡದ್ದು ಇಲ್ಲಿಂದಲೇ ಕಾಣುತ್ತಿತ್ತು. ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿ ಎದ್ದಳು. ಅಡಿಗೆಮನೆಗೆ ಹೋಗಿ ಇನ್ನೊಂದು ತಟ್ಟೆ ತಂದಳು, ತನ್ನ ತಟ್ಟೆಯ ಎದುರಿಗೆ ಇಟ್ಟಳು. ರೊಟ್ಟಿಗಿಂತ ಮೊದಲು, ಪಲ್ಯಕ್ಕಿಂತ ಮೊದಲು, ತಟ್ಟೆಯ ತುದಿಗೆ ಒಂದು ಚಿಟಿಕೆ ಉಪ್ಪು ಬಡಿಸಿದಳು. ಸ್ವಲ್ಪ ತಡೆದು ಇನ್ನೊಂದು ಚಿಟಿಕೆ ಹಾಕಿದಳು.

"ಖರ್ಚಾದ್ರೆ ಆಗ್ಲಿ" ಎಂದಳು. "ಊಟಕ್ಕೆ ಬಾರವ್ವ ಚಂದ್ರಕಲಾ. ನೀನು ಕೂತ್ಕಂಡ್ರೆ ನಾನೂ ಉಣ್ತೀನಿ. ಬೆಳಿಗ್ಗಿಂದ ಹಸಿದೀನಿ."

ಚಂದ್ರಕಲಾ ಕೂತಳು. ರೊಟ್ಟಿಯ ಚೂರನ್ನು ಉಪ್ಪಿಗೆ ಒತ್ತಿ ಬಾಯಿಗಿಟ್ಟಳು. ಇಬ್ಬರೂ ಉಂಡರು. ಎರಡನೆಯ ರೊಟ್ಟಿಗೆ ಅತ್ತೆ, "ಪಲ್ಯಕ್ಕೆ ಒಗ್ಗರಣೆ ಸಾಲ್ದು" ಎಂದಳು. ಸೊಸೆ, "ನೀವು ಎಣ್ಣೆ ಡಬ್ಬಿ ಎತ್ತಿಟ್ಟಿದ್ರಿ" ಎಂದಳು. ಅಷ್ಟೇ.

ಕೈ ತೊಳೆದ ಮೇಲೆ ಕೊಟ್ರಮ್ಮ ಸೊಸೆಯನ್ನು ಕರೆದುಕೊಂಡು ಹೊರಗೆ ಬಂದು ಬಾಗಿಲನ್ನು ಎಳೆದಳು. ಹಿಡಿಕೆಯನ್ನು ಎತ್ತಿ ಕೀಲಿ ತಿರುಗಿಸಿ ಬಿಗಿ ಮಾಡಿ, ಕೀಲಿಯನ್ನು ಅವಳ ಕೈಗೆ ಕೊಟ್ಟಳು. ಚಂದ್ರಕಲಾ ನೆಟ್ಟಗೆ ನಿಂತು, ಭುಜ ಕೊಡದೆ, ಒದೆಯದೆ, ತಿರುಗಿಸಿದಳು. ಮೂರು ನಾಲಿಗೆಗಳೂ ಒಂದೇ ಸದ್ದಿನಲ್ಲಿ ಹಿಂದೆ ಸರಿದವು. ಆ ಸದ್ದಿಗೆ ಗಿರಣಿಯ ಕಲ್ಲು ತಾನಾಗಿ ನಿಂತಿತು ಎಂದು ನಾನು ಹೇಳುತ್ತೇನೆ. ಕರೆಂಟು ಹೋಗಿತ್ತು ಎಂದು ಹಾಲವ್ವ ಹೇಳುತ್ತಾಳೆ.

ಕೊಟ್ರಮ್ಮ ಆಗ ಎದುರಿಗೆ ನೋಡಿದಳು. "ಪಾಲಾಕ್ಷಪ್ಪ, ಬೀಗ ಚೆನ್ನಾಗೈತೆ."

"ನನ್ನ ಕೈ ಕೆಲ್ಸ ಅಲ್ವಾ ಅಕ್ಕಾರೆ."

"ಹಳೇ ಬೀಗದ ಹಲ್ಲು ಮುರಿದಿದ್ದೂ ಅದೇ ಕೈಯೇನು?"

ನಾನು ಹಾಲವ್ವನ ಜೋಳ ಆರಿಸಿಕೊಡಲು ಬಗ್ಗಿದೆ.

ಆ ಹುಡುಗಿ ಆಷಾಢಕ್ಕೆ ತವರಿಗೆ ಹೋಗಿ ಶ್ರಾವಣ ಹುಟ್ಟಿದ ದಿನವೇ ಬಂದಳು. ಕೊಟ್ರಮ್ಮ ಬಸ್ ಸ್ಟ್ಯಾಂಡಿಗೆ ಹೋಗಿ ಕರೆತಂದಳು. ಹಬ್ಬದ ದಿನ ನನಗೂ ಕರೆ ಬಂತು. ಬೀಗ ಹಾಕಿದ್ದಕ್ಕೆ ನನ್ನ ಊಟ ಬಾಕಿಯಿತ್ತು. ಮಣೆ ಹಾಕಿ ಕೂರಿಸಿದರು. ಚಂದ್ರಕಲಾ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದಳು, ಕೊಟ್ರಮ್ಮ ತುಪ್ಪದ ಮೇಲೆ ತುಪ್ಪ ಸುರಿದಳು. ಶಾವಿಗೆ ಪಾಯಸ, ಬಾಳೆಹಣ್ಣು, ಸಕ್ಕರೆ ಹಾಕಿದ ಕೆನೆಮೊಸರು. ಅರ್ಧ ಊಟದ ಹೊತ್ತಿಗೆ ನನ್ನ ನಾಲಿಗೆಗೆ ಅನುಮಾನ ಬಂತು. ಹೋಳಿಗೆಯ ಕಣಕಕ್ಕೆ ಹಾಕುವ ಚಿಟಿಕೆ ಉಪ್ಪೂ ಇರಲಿಲ್ಲ.

"ಅಕ್ಕಾರೆ, ಒಂಚೂರು ಉಪ್ಪಿನಕಾಯಿ ಇದ್ರೆ…" ಎಂದೆ.

ಅತ್ತೆ ಸೊಸೆಯ ಮುಖ ನೋಡಿದಳು. ಸೊಸೆ ಅತ್ತೆಯ ಮುಖ ನೋಡಿದಳು.

"ಖಾಲಿ ಆಗೈತೆ ಅಣ್ಣಾರೆ" ಎಂದಳು ಚಂದ್ರಕಲಾ. "ಇನ್ನೊಂದು ಹೋಳಿಗೆ ಹಾಕ್ಲಾ?"

ಅಂದಿನಿಂದ ಪ್ರತಿ ಹಬ್ಬಕ್ಕೂ ಕರೆಯುತ್ತಾರೆ, ನಾನೂ ಪ್ರತಿ ಹಬ್ಬಕ್ಕೂ ಹೋಗುತ್ತೇನೆ. ಬಾಗಿಲ ಮುಂದೆ ನಿಂತು, ಓಣಿಗೆ ಬೆನ್ನು ಹಾಕಿ, ಆ ಬೀಗದ ಮಾದರಿಗೆಂದು ನನ್ನ ಹತ್ತಿರ ಉಳಿಸಿಕೊಂಡ ಕೀಲಿಯನ್ನು ಸುಮ್ಮನೆ ಒಮ್ಮೆ ಹಾಕಿ ನೋಡುತ್ತೇನೆ. ಗರಗರ ಸುತ್ತುತ್ತದೆ. ಆಮೇಲೆ ಎಲ್ಲರ ಹಾಗೆ ಬಾಗಿಲು ಬಡಿಯುತ್ತೇನೆ.